ಮತ್ತೆ ಮಡಿಸಿದ ಟವೆಲ್

ಮಗಳಿಗೆ ಆಗ ಏಳು ವರ್ಷ. ಒಣಗಿದ ಬಟ್ಟೆಯ ರಾಶಿಯಿಂದ ಒಂದು ಟವೆಲ್ ಎಳೆದುಕೊಂಡು, ನೆಲದ ಮೇಲೆ ಹರಡಿ, ಮಂಡಿಯೂರಿ ಕೂತು ಮಡಿಸಿದಳು. ಮೂಲೆಗೆ ಮೂಲೆ ಕೂಡಲಿಲ್ಲ. ಒಂದು ತುದಿ ನಾಲಿಗೆ ಚಾಚಿದ ಹಾಗೆ ಹೊರಗೇ ಉಳಿಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನಗೆ ಕೊಟ್ಟಳು. ನಾನು ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಿದ್ದೆ. ಮಾತಾಡುತ್ತಲೇ ಟವೆಲ್ ಕೊಡವಿ, ಮತ್ತೆ ಮಡಿಸಿ, ರಾಶಿಯ ಮೇಲಿಟ್ಟೆ. ಬೈಯಲಿಲ್ಲ. ಹುಬ್ಬು ಕೂಡ ಗಂಟಿಕ್ಕಲಿಲ್ಲ. ಹಾಗೆ ಮಾಡಿದೆ ಅನ್ನೋದೇ ನನಗೆ ಗೊತ್ತಾಗಲಿಲ್ಲ.

ಮಗಳು ಎರಡನೇ ಟವೆಲ್ ಮುಟ್ಟಲಿಲ್ಲ. ಒಂದು ಕ್ಷಣ ರಾಶಿ ನೋಡಿದಳು, ಎದ್ದು ಹೋದಳು. ಫೋನ್ ಇಟ್ಟ ಮೇಲೂ ನನಗೆ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಗುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ತಿಳಿಯೋಕೆ ಮೂರು ತಿಂಗಳು ಬೇಕಾಯಿತು.

ನಾನು ಥೆರಪಿಗೆ ಹೋಗಿದ್ದು ಟವೆಲ್ ವಿಷಯಕ್ಕಲ್ಲ. ನಿದ್ದೆ ಬರುತ್ತಿಲ್ಲ ಅಂತ ಹೋಗಿದ್ದು. ನಾನು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ಹದಿನಾಲ್ಕು ಪುಟದ ಒಂದು ರಿಪೋರ್ಟ್ ಕಳಿಸಬೇಕು. ಕಳಿಸುವ ಮುಂಚೆ ಅದನ್ನು ಹನ್ನೊಂದು ಸಲ ಓದುತ್ತಿದ್ದೆ. ಸುಮ್ನೆ ಬಾಯಿಗೆ ಬಂದ ಲೆಕ್ಕ ಅಲ್ಲ ಇದು, ಎಣಿಸಿ ನೋಡಿದ್ದೇನೆ. ಕಳಿಸಿದ ಮೇಲೆ, ಹೋಗಿರುವ ಮೇಲ್ ತೆಗೆದು ಹನ್ನೆರಡನೇ ಸಲ ಓದುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಒಂಬತ್ತನೇ ಪುಟದ ಟೇಬಲ್ ಕಾಣಿಸುತ್ತಿತ್ತು. ಟೀಮ್ ನೀವೇ ನೋಡಿಕೊಳ್ಳಿ ಅಂತ ಮೇಲಿನವರು ಮೂರು ಸಲ ಕೇಳಿದ್ದರು. ಮೂರು ಸಲವೂ ಮನೆಯ ನೆಪ ಹೇಳಿ ಜಾರಿಕೊಂಡಿದ್ದೆ. ಯಾರಾದರೂ ಹೊಗಳಿದರೆ ಖುಷಿಯಾಗುವ ಬದಲು ಭಯವಾಗುತ್ತಿತ್ತು. ಪಾಪ, ಇವರಿಗೆ ಇನ್ನೂ ಗೊತ್ತಾಗಿಲ್ಲ, ಗೊತ್ತಾದ ದಿನ ಇದೆ ನನಗೆ, ಅನ್ನುವ ಭಯ.

ಮೊದಲು ಸಿಕ್ಕ ಕೌನ್ಸೆಲರ್ ಹತ್ತಿರ ಎರಡು ಸಲ ಹೋದೆ ಅಷ್ಟೇ. ಪಾಸಿಟಿವ್ ಆಗಿ ಯೋಚಿಸಿ ಅಂದರು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು 'ನಾನು ಸಮರ್ಥೆ, ನನ್ನ ಬಗ್ಗೆ ನನಗೆ ಹೆಮ್ಮೆ ಇದೆ' ಅಂತ ಹತ್ತು ಸಲ ಹೇಳಿಕೊಳ್ಳಿ ಅಂದರು. ಹೇಳಿಕೊಂಡೆ. ಮೂರನೇ ಸಲಕ್ಕೇ ಒಳಗಿನಿಂದ ಒಂದು ದನಿ 'ಓಹೋ, ಹೌದಾ?' ಅಂತು. ಹತ್ತನೇ ಸಲದ ಹೊತ್ತಿಗೆ ಮೊದಲಿಗಿಂತ ಕೆಟ್ಟದಾಗಿತ್ತು ಪರಿಸ್ಥಿತಿ. ನನ್ನಲ್ಲೇ ಏನೋ ಐಬಿದೆ, ಇಷ್ಟು ಸುಲಭದ್ದೂ ಆಗುತ್ತಿಲ್ಲ ಅಂದುಕೊಂಡೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಜೋಆನ್ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಬರೆದಿದ್ದಾರೆ. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಇಂಥ ಮಾತು ಸ್ವಲ್ಪ ಹಿತ ಕೊಟ್ಟಿತ್ತು. ಇಲ್ಲದವರಿಗೆ ಇನ್ನೂ ಬೇಜಾರಾಗಿತ್ತು. ಅಂದರೆ ಔಷಧಿ ಬೇಕಾಗಿದ್ದವರಿಗೇ ಅದು ಒಗ್ಗುತ್ತಿರಲಿಲ್ಲ. ಅದನ್ನು ಓದಿದ ದಿನ ನಮ್ಮ ಬಾತ್‌ರೂಮಿನ ಕನ್ನಡಿಯ ಕಡೆ ನೋಡಿ ನಕ್ಕೆ.

ಎರಡನೇ ಥೆರಪಿಸ್ಟ್ ಸಿಕ್ಕಿದ್ದು ಎಂಟು ತಿಂಗಳಾದ ಮೇಲೆ. ನಡುವೆ ಧೈರ್ಯ ಬರಲಿಲ್ಲ. ಇವರು ನನಗಿಂತ ಚಿಕ್ಕವರು, ಮಾತು ಕಡಿಮೆ. ಮೊದಲ ದಿನ ಒಂದು ಹಾಳೆ ಕೊಟ್ಟರು. ಹತ್ತೇ ಹತ್ತು ವಾಕ್ಯ. ಪ್ರತಿ ವಾಕ್ಯಕ್ಕೂ ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಇಲ್ಲ, ಖಂಡಿತಾ ಇಲ್ಲ ಅನ್ನುವ ನಾಲ್ಕು ಉತ್ತರ. ಮೋರಿಸ್ ರೋಸೆನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞರು 1965ರಲ್ಲಿ ಹದಿಹರೆಯದವರಿಗಾಗಿ ಮಾಡಿದ ಅಳತೆ ಅಂತೆ. ಇವತ್ತಿಗೂ ಬಳಸುತ್ತಾರೆ. ಒಟ್ಟು ಮೂವತ್ತಕ್ಕೆ. ನನಗೆ ಬಂದಿದ್ದು ಹನ್ನೊಂದು. ನನ್ನ ತಲೆಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಛೆ, ಇದರಲ್ಲೂ ಫೇಲ್.

ಅದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬರೆದುಕೊಂಡರು. ಆಮೇಲೆ ಚಿಕ್ಕಂದಿನ ಬಗ್ಗೆ ಕೇಳಿದರು.

"ಏನೂ ಆಗಿಲ್ಲ ಮೇಡಂ," ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಹೊಡೆತ ಇಲ್ಲ, ಕುಡಿತ ಇಲ್ಲ, ಹಸಿವು ಇಲ್ಲ. ಅಮ್ಮ ಒಂದು ದಿನವೂ ದನಿ ಎತ್ತಿದವಳಲ್ಲ. ಅಪ್ಪ ಕೆಲಸದ ಮೇಲೆ ಹೊರಗಿರುತ್ತಿದ್ದರು, ಬಂದಾಗ ಮುದ್ದು ಮಾಡುತ್ತಿದ್ದರು. ನಿಜವಾಗಿ ಕಷ್ಟಪಟ್ಟವರು ಕೂರಬೇಕಾದ ಕುರ್ಚಿಯಲ್ಲಿ ನಾನು ಕೂತಿದ್ದೇನೆ ಅನ್ನುವ ನಾಚಿಕೆ ನನ್ನನ್ನು ಎಷ್ಟೋ ವಾರ ಕಾಡಿತು. ಥೆರಪಿಗೆ ಬೇಕಾದಷ್ಟು ನೋವೂ ನನ್ನ ಹತ್ತಿರ ಇಲ್ಲ ಅನ್ನಿಸುತ್ತಿತ್ತು. ಈಗ ಬರೆಯುವಾಗ ಇದು ತಮಾಷೆಯಾಗಿ ಕಾಣುತ್ತದೆ. ಆಗ ಕಾಣುತ್ತಿರಲಿಲ್ಲ.

ಅವರು ಮನೆಯಲ್ಲಿ ಮಾಡೋಕೆ ಒಂದು ಕೆಲಸ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಕೆಲವು ಕಾಲಂ ಮಾಡೋದು. ಏನಾಯಿತು, ಆಗ ಮನಸ್ಸಿಗೆ ಏನನ್ನಿಸಿತು, ನೂರಕ್ಕೆ ಎಷ್ಟು ಅನ್ನಿಸಿತು, ತಲೆಯಲ್ಲಿ ಓಡಿದ ಮಾತು ಯಾವುದು, ಅದಕ್ಕೆ ಸಾಕ್ಷಿ ಏನಿದೆ, ವಿರುದ್ಧ ಸಾಕ್ಷಿ ಏನಿದೆ. ಆರನ್ ಬೆಕ್ ಅನ್ನುವ ಮನೋವೈದ್ಯರು 1960ರ ದಶಕದಲ್ಲಿ ಶುರು ಮಾಡಿದ ದಾರಿ ಇದು. ಖಿನ್ನತೆ ಇದ್ದವರು ತಮ್ಮ ಬಗ್ಗೆ ತಾವೇ ಒಳಗೊಳಗೆ ಆಡಿಕೊಳ್ಳುವ ಮಾತುಗಳನ್ನು ಅವರು ಗಮನಿಸಿದರು. ಅವು ಎಷ್ಟು ಬೇಗ ಬಂದು ಹೋಗುತ್ತವೆ ಅಂದರೆ, ಆಡಿದವರಿಗೇ ಗೊತ್ತಾಗುವುದಿಲ್ಲ. ಮೈ ಮೇಲೆ ಸೊಳ್ಳೆ ಕೂತಿದ್ದು ಗೊತ್ತಾಗದೆ ತುರಿಕೆ ಮಾತ್ರ ಗೊತ್ತಾಗುತ್ತದಲ್ಲ, ಹಾಗೆ.

ನಾನು ಶ್ರದ್ಧೆಯಿಂದ ಬರೆದೆ. ನಾಲ್ಕು ವಾರ ತಪ್ಪದೆ ತೋರಿಸಿದೆ. ಐದನೇ ವಾರ ಅವರು ಪುಟ ತಿರುಗಿಸುತ್ತಾ ತಲೆ ಎತ್ತಿ ಕೇಳಿದರು.

"ಇದು ಫೇರ್ ಕಾಪಿನಾ?"

ನನ್ನ ಮುಖ ಬಿಸಿಯಾಯಿತು. ಹೌದು. ದಿನಾ ಬರೆದಿದ್ದು ಬೇರೆ ಪುಸ್ತಕದಲ್ಲಿ. ಸೆಷನ್ನಿನ ಹಿಂದಿನ ರಾತ್ರಿ ಕೂತು, ಕಾಟು ಹೊಡೆದಿದ್ದನ್ನೆಲ್ಲ ಬಿಟ್ಟು, ಸ್ಕೇಲ್ ಇಟ್ಟು ಗೆರೆ ಎಳೆದು, ಅಂದವಾಗಿ ಕಾಪಿ ಮಾಡುತ್ತಿದ್ದೆ. ನಾನು ಸರಿಯಿಲ್ಲ ಅನ್ನುವ ದುಃಖವನ್ನು ಅಷ್ಟು ಸರಿಯಾಗಿ ಬರೆದು ಒಪ್ಪಿಸುತ್ತಿದ್ದೆ!

"ಮುಂದಿನ ವಾರ ರಫ್ ಬುಕ್ಕೇ ತನ್ನಿ," ಅಂದರು.

ನಾನು ತರಲಿಲ್ಲ. ಮುಂದಿನ ವಾರ ಹೋಗಲೇ ಇಲ್ಲ. ಹುಷಾರಿಲ್ಲ ಅಂತ ಮೆಸೇಜ್ ಹಾಕಿದೆ. ಅದರ ಮುಂದಿನ ವಾರ ಆಫೀಸಿನ ಕೆಲಸ. ಹೀಗೇ ಒಂದು ತಿಂಗಳು ಕಳೆಯಿತು. ಒಳ್ಳೆಯ ಪೇಷಂಟ್ ಆಗೋಕೂ ನನಗೆ ಆಗಲಿಲ್ಲ ಅಂತ ಕೂತಿದ್ದೆ. ಕೊನೆಗೆ ಹೋಗಿದ್ದು ಯಾವುದೋ ಅರಿವು ಮೂಡಿ ಅಲ್ಲ. ಮೂರು ರಾತ್ರಿ ಸತತ ನಿದ್ದೆ ಇಲ್ಲದೆ ತಲೆ ಸಿಡಿಯುತ್ತಿತ್ತು, ಅದಕ್ಕೇ. ರಫ್ ಬುಕ್ ಬ್ಯಾಗಿನಲ್ಲಿತ್ತು. ತೆಗೆದು ಮೇಜಿನ ಮೇಲಿಡೋಕೆ ಕಾಲು ಗಂಟೆ ತೆಗೆದುಕೊಂಡೆ. ಐವತ್ತು ನಿಮಿಷದ ಸೆಷನ್ನಿನಲ್ಲಿ ಕಾಲು ಗಂಟೆ ಅಂದರೆ ಜಾಸ್ತಿನೇ.

ಆ ದಿನ ನಡೆದ ಮಾತು ನನಗೆ ಹೆಚ್ಚು ಕಡಿಮೆ ಪೂರ್ತಿ ನೆನಪಿದೆ. ರಫ್ ಬುಕ್ಕಿನಲ್ಲಿ ಒಂದು ಸಾಲು ಇತ್ತು: 'ಮೇಲ್‌ನಲ್ಲಿ ದಿನಾಂಕ ತಪ್ಪು ಹಾಕಿದೆ. ನಾಚಿಕೆ, 90.' ಅವರು ಅದರ ಮೇಲೆ ಬೆರಳಿಟ್ಟರು.

"ದಿನಾಂಕ ತಪ್ಪಾಯಿತು. ಆದರೆ ಏನು?"

"ನೋಡಿದವರಿಗೆ ಗೊತ್ತಾಗುತ್ತೆ."

"ಗೊತ್ತಾದರೆ ಏನು?"

"ಇವಳು ಸರಿಯಾಗಿ ನೋಡಲ್ಲ ಅಂದುಕೊಳ್ತಾರೆ."

"ಅಂದುಕೊಂಡರೆ?"

"ನನ್ನ ಕೆಲಸ ಇನ್ನೊಬ್ಬರಿಗೆ ಕೊಟ್ಟು ಚೆಕ್ ಮಾಡಿಸ್ತಾರೆ."

"ಮಾಡಿಸಲಿ. ಅದರ ಅರ್ಥ ಏನು?"

ನನಗೆ ಸಿಟ್ಟು ಬರೋಕೆ ಶುರುವಾಗಿತ್ತು. ಅರ್ಥ ಏನಿರುತ್ತೆ? "ನಾನು ಮಾಡಿದ್ದನ್ನ ಯಾರಾದರೂ ಮತ್ತೆ ಮಾಡಬೇಕಾಗುತ್ತೆ ಅಂತ ಅರ್ಥ," ಅಂದೆ. "ನಾನು ಏನೇ ಮಾಡಿದರೂ ಇನ್ನೊಬ್ಬರು ಅದನ್ನ ಮತ್ತೆ ಮಾಡಬೇಕು."

ಹೇಳಿ ಮುಗಿಸುವ ಮುಂಚೆಯೇ ಆ ಟವೆಲ್ ಕಣ್ಣಿಗೆ ಬಂತು. ಮಗಳದ್ದಲ್ಲ. ಅದಕ್ಕಿಂತ ಮೂವತ್ತು ವರ್ಷ ಹಿಂದಿನದು, ನೀಲಿ ಅಂಚಿನದ್ದು. ನಾನು ಮಡಿಸಿದ್ದು, ಅಮ್ಮ ಕೊಡವಿ ಮತ್ತೆ ಮಡಿಸಿದ್ದು.

ಒಂದು ಯೋಚನೆಯನ್ನು ಹಿಡಿದು 'ಹಾಗಾದರೆ ಏನು, ಹಾಗಾದರೆ ಏನು' ಅಂತ ಕೆಳಗೆ ಕೆಳಗೆ ಇಳಿಯುವ ಈ ಆಟಕ್ಕೆ ಕೆಳಗಿಳಿಯುವ ಬಾಣ ಅಂತಲೇ ಹೆಸರು. ಬಾಣ ನಿಲ್ಲುವ ಜಾಗದಲ್ಲಿ ಸಿಗುವುದನ್ನು ಕೋರ್ ಬಿಲೀಫ್ ಅನ್ನುತ್ತಾರೆ. ಬೇರಿನ ನಂಬಿಕೆ ಅನ್ನಬಹುದೇನೋ. ನನ್ನದು 'ನಾನು ಕೆಟ್ಟವಳು' ಅಂತ ಆಗಲಿ, 'ನನ್ನನ್ನು ಯಾರೂ ಪ್ರೀತಿಸಲ್ಲ' ಅಂತ ಆಗಲಿ ಇರಲಿಲ್ಲ. ಬಾವಿಗೆ ಬಿಟ್ಟ ಕೊಡ ತಳ ಮುಟ್ಟಿದ ಹಾಗೆ ಅಲ್ಲೇ ಹೋಗಿ ನಿಂತಿತ್ತು: ನಾನು ಮಾಡಿದ್ದು ಸಾಲದು.

ಅಮ್ಮ ಎಲ್ಲವನ್ನೂ ಮತ್ತೆ ಮಾಡುತ್ತಿದ್ದಳು. ನಾನು ಗುಡಿಸಿದ ಕೋಣೆಯನ್ನು ಗುಡಿಸುತ್ತಿದ್ದಳು. ನಾನು ತುಂಬಿದ ಸ್ಕೂಲ್ ಬ್ಯಾಗನ್ನು ಖಾಲಿ ಮಾಡಿ ತುಂಬುತ್ತಿದ್ದಳು. ನಾನೇ ಹೆಣೆದುಕೊಂಡ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ಒಂದು ಮಾತಿಲ್ಲ, ಒಂದು ನಿಟ್ಟುಸಿರಿಲ್ಲ. ಅಕ್ಕ ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ, ಅವಳ ಕೈ ಅಚ್ಚುಕಟ್ಟು. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೋ ಏನೋ. ಬೈಗುಳಕ್ಕೆ ಉತ್ತರ ಕೊಡಬಹುದು. ಸುಮ್ಮನೆ ಬಟ್ಟೆ ಮಡಿಸುತ್ತಿರುವ ಕೈಗೆ ಏನು ಉತ್ತರ ಕೊಡೋದು?

ಮತ್ತೆ ಆ ಹಂಸ. ಎಂಟು ವರ್ಷದವಳಿದ್ದಾಗ ಸ್ಕೂಲಿಗೆ ಒಂದು ಚಿತ್ರ ಬರೆದುಕೊಂಡು ಹೋಗಬೇಕಿತ್ತು. ನಾನು ಹಂಸ ಬರೆದೆ. ಕತ್ತು ದಪ್ಪ ಆಯಿತು, ಹೆಚ್ಚು ಕಡಿಮೆ ಹೊಟ್ಟೆಯಷ್ಟೇ ದಪ್ಪ. ಅಮ್ಮ ಬಗ್ಗಿ ನೋಡಿದಳು. ರಬ್ಬರ್ ತೆಗೆದುಕೊಂಡು ಕತ್ತು ಅಳಿಸಿದಳು. ಒಂದೇ ಗೆರೆಯಲ್ಲಿ ಸೊಗಸಾದ ಕತ್ತು ಬರೆದಳು. ಮಾರನೇ ದಿನ ಟೀಚರ್ ಅದನ್ನು ಎಲ್ಲರಿಗೂ ತೋರಿಸಿದರು. ಕತ್ತು ನೋಡಿ, ಎಷ್ಟು ಚೆನ್ನಾಗಿದೆ ಅಂದರು. ಗೋಡೆಗೆ ಅಂಟಿಸಿದರು. ಆ ವರ್ಷವೆಲ್ಲ ನಾನು ಆ ಕತ್ತಿನ ಎದುರು ಕೂತು ಪಾಠ ಕೇಳಿದೆ.

ಹೊಗಳಿದರೆ ಯಾಕೆ ಭಯ ಅನ್ನುವ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕಾಗಿರಲಿಲ್ಲ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಓದಿನಲ್ಲಿ, ಕೆಲಸದಲ್ಲಿ ಮುಂದೆ ಬಂದ ಹೆಂಗಸರು ತಮ್ಮನ್ನೇ ಮೋಸಗಾರರು ಅಂದುಕೊಳ್ಳುವುದರ ಬಗ್ಗೆ ಬರೆದರು. ಈಗ ಅದನ್ನು ಇಂಪೋಸ್ಟರ್ ಸಿಂಡ್ರೋಮ್ ಅನ್ನುತ್ತಾರೆ. ಅವರು ಸಿಂಡ್ರೋಮ್ ಅನ್ನಲಿಲ್ಲ, ಕಾಯಿಲೆಯ ಹಾಗೆ ಕೇಳಿಸುವ ಆ ಹೆಸರು ಆಮೇಲೆ ಜನ ಅಂಟಿಸಿದ್ದು. ಅಂಥವರಲ್ಲಿ ಒಂದು ಗುಂಪಿನವರ ಮನೆಯಲ್ಲಿ, ಜಾಣ ಮಗು ಅನ್ನುವ ಪಟ್ಟ ಒಡಹುಟ್ಟಿದ ಇನ್ನೊಬ್ಬರಿಗೆ ಮೊದಲೇ ಹೋಗಿರುತ್ತಿತ್ತು ಅಂತ ಅವರು ಹೇಳುತ್ತಾರೆ. ನಾನು ಅಕ್ಕನಿಗೆ ಇದನ್ನು ಹೇಳಿದೆ. ಅವಳು, ನನ್ನ ಪಟ್ಟದ ಕಷ್ಟ ನಿನಗೇನು ಗೊತ್ತು ಅಂದಳು. ಅದು ಅವಳು ಹೇಳಬೇಕಾದ ಕಥೆ, ನಾನು ಕೈ ಹಾಕಲ್ಲ.

ಒಂದು ತಿಂಗಳು ಅಮ್ಮನ ಮೇಲೆ ವಿಪರೀತ ಕೋಪ ಬಂತು. ಫೋನ್ ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದೆ. ಥೆರಪಿಸ್ಟ್ ನನ್ನ ಜೊತೆ ಸೇರಿ ಅಮ್ಮನನ್ನು ಬೈಯಲಿಲ್ಲ, ಬೈಯಬೇಡಿ ಅಂತಲೂ ಅನ್ನಲಿಲ್ಲ. ಒಂದು ಪ್ರಶ್ನೆ ಕೇಳಿದರು. "ಎಂಟು ವರ್ಷದ ಮಗುವಿಗೆ ಅಮ್ಮನ ಕೈ ಹಾಗೆ ಓಡುವುದಕ್ಕೆ ಏನೇನು ಕಾರಣ ಹೊಳೆಯಬಹುದು?"

ಯೋಚಿಸಿದೆ. ಅಮ್ಮನಿಗೆ ಒಳಗೊಳಗೆ ದಿಗಿಲು ಇರಬಹುದು, ಗಂಡ ಊರಲ್ಲಿಲ್ಲದೆ ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಎಲ್ಲವೂ ಸರಿಯಾಗಿದ್ದರೆ ಮಾತ್ರ ಅವಳಿಗೆ ಉಸಿರಾಟ ಸಲೀಸಾಗುತ್ತಿರಬಹುದು. ಇದು ನನಗೆ ನಲವತ್ತರ ಹತ್ತಿರ ಹೊಳೆದಿದ್ದು. ಮಗುವಿಗೆ ಹೊಳೆಯಲ್ಲ. ಮಗುವಿನ ಲೋಕದಲ್ಲಿ ಎಲ್ಲದಕ್ಕೂ ಕಾರಣ ತಾನೇ. ಅಮ್ಮ ಮತ್ತೆ ಮಡಿಸಿದಳು, ಅಂದರೆ ನಾನು ಮಡಿಸಿದ್ದು ಸರಿಯಿಲ್ಲ. ಇದರಲ್ಲಿ ಮಗುವಿಗೆ ಒಂದು ಅನುಕೂಲವೂ ಇದೆ ಅಂದರು ಅವರು. ತಪ್ಪು ತನ್ನದಾದರೆ ಇನ್ನೂ ಚೆನ್ನಾಗಿ ಮಾಡಿ ಸರಿಪಡಿಸಬಹುದು. ತಪ್ಪು ಅಮ್ಮನದಾದರೆ ಮಗು ಏನು ಮಾಡಬೇಕು? ಹನ್ನೊಂದು ಸಲ ಓದೋದು ಆ ಮಗು ಕಂಡುಹಿಡಿದ ಉಪಾಯ. ಅವತ್ತಿನ ಮಟ್ಟಿಗೆ ಒಳ್ಳೆಯ ಉಪಾಯವೇ.

ಕನ್ನಡದಲ್ಲಿ ಇದಕ್ಕೆ ಕೀಳರಿಮೆ ಅನ್ನುತ್ತೇವೆ. ನನಗೆ ಆ ಪದ ಕಂಡರಾಗುತ್ತಿರಲಿಲ್ಲ. ಬೈಗುಳದ ಹಾಗೆ ಬಳಸುತ್ತಾರಲ್ಲ, 'ಅವನಿಗೆ ಕೀಳರಿಮೆ' ಅಂತ. ಒಂದು ದಿನ ಸುಮ್ನೆ ಆ ಪದವನ್ನು ಬಿಡಿಸಿ ನೋಡಿದೆ. ಕೀಳು, ಅರಿಮೆ. ಕೀಳಾಗಿರೋದು ಅಂತ ಅಲ್ಲ. ಕೀಳು ಅಂತ ತಿಳಿದುಕೊಂಡಿರೋದು. ಆ ಎರಡರ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಇದೆ. ಕೀಳರಿಮೆಯ ಬಗ್ಗೆ ಮೊದಲು ವಿವರವಾಗಿ ಬರೆದ ಆಲ್ಫ್ರೆಡ್ ಆಡ್ಲರ್ ಅನ್ನುವ ಮನೋವೈದ್ಯರು, 1911ರಲ್ಲಿ ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಗುಂಪಿನಿಂದ ಹೊರಬಂದವರು, ಇದು ಎಲ್ಲ ಮಕ್ಕಳಿಗೂ ಇರುತ್ತದೆ ಅಂದರು. ಸುತ್ತ ಇರುವವರೆಲ್ಲ ದೊಡ್ಡವರು, ತಾನೊಬ್ಬ ಚಿಕ್ಕವ. ಆ ಕೊರತೆಯೇ ಮಗುವನ್ನು ಬೆಳೆಯೋಕೆ ತಳ್ಳುತ್ತದೆ. ತೊಂದರೆ ಶುರುವಾಗೋದು ಬೆಳೆದ ಮೇಲೂ ಅದು ಅಲ್ಲೇ ಉಳಿದುಕೊಂಡಾಗ. ಪದ ಸ್ವಲ್ಪ ಹಗುರಾಯಿತು ನನಗೆ.

ಇಷ್ಟೆಲ್ಲ ತಿಳಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡರೆ ತಪ್ಪು. ಕಾರಣ ಗೊತ್ತಾದ ಮಾರನೇ ತಿಂಗಳೂ ನಾನು ರಿಪೋರ್ಟನ್ನು ಹನ್ನೊಂದು ಸಲವೇ ಓದಿದೆ. ಈಗ ಕಾರಣ ಗೊತ್ತಿದ್ದು ಓದುತ್ತಿದ್ದೆ, ಅಷ್ಟೇ ವ್ಯತ್ಯಾಸ.

ನಿಜವಾಗಿ ಅಲುಗಾಡಿಸಿದ್ದು ಪ್ರಯೋಗಗಳು. ರಿಪೋರ್ಟನ್ನು ಎರಡೇ ಸಲ ಓದಿ ಕಳಿಸಬೇಕು. ಕಳಿಸುವ ಮುಂಚೆ ಏನಾಗಬಹುದು ಅಂತ ಬರೆದಿಡಬೇಕು. ನಾನು ಬರೆದೆ: 'ಕನಿಷ್ಠ ಮೂರು ಜನ ತಪ್ಪು ಹಿಡಿದು ತೋರಿಸುತ್ತಾರೆ. ನಾನು ಎರಡು ದಿನ ಊಟ ಮಾಡಲ್ಲ.' ಕಳಿಸಿದೆ. ಕೈ ಬೆವರಿ ಮೌಸ್ ಜಾರುತ್ತಿತ್ತು. ಒಬ್ಬರು ಥ್ಯಾಂಕ್ಸ್ ಅಂತ ಬರೆದರು. ಉಳಿದವರು ಏನೂ ಬರೆಯಲಿಲ್ಲ. ಪುಣ್ಯಕ್ಕೆ ತಪ್ಪಿರಲಿಲ್ಲ ಅಂದುಕೊಂಡೆ. ನೋಡಿ, ಅಲ್ಲೂ ಪುಣ್ಯದ್ದೇ ಕೆಲಸ, ನನ್ನದಲ್ಲ! ಎರಡನೇ ತಿಂಗಳೂ ಹಾಗೇ ಆಯಿತು. ನಂಬಿಕೆ ಒಂದು ಕೂದಲಷ್ಟೂ ಸರಿಯಲಿಲ್ಲ. ಇಂಥ ನಂಬಿಕೆ ಪೂರ್ವಗ್ರಹದ ಹಾಗೆ ಅಂತ ಥೆರಪಿಸ್ಟ್ ಹೇಳಿದ್ದು ಆಗ. ತನಗೆ ಬೇಕಾದ ಸಾಕ್ಷಿಯನ್ನು ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುತ್ತದೆ. ಬೇಡದ ಸಾಕ್ಷಿ ಬಂದರೆ ಪುಣ್ಯ, ಅದೃಷ್ಟ, ಅವರ ದೊಡ್ಡ ಮನಸ್ಸು ಅಂತ ಹೇಳಿ ಹೊರಗಿನಿಂದಲೇ ಕಳಿಸಿಬಿಡುತ್ತದೆ.

ಮೂರನೇ ತಿಂಗಳು ತಪ್ಪಾಯಿತು. ನಾಲ್ಕನೇ ಪುಟದಲ್ಲಿ ಒಂದು ಮೊತ್ತ ತಪ್ಪು. ಮೇಲಿನವರಿಂದ ಒಂದು ಸಾಲಿನ ಮೇಲ್ ಬಂತು, 'ನಾಲ್ಕನೇ ಪುಟದ ಟೋಟಲ್ ಒಂದು ಸಲ ನೋಡಿ' ಅಂತ. ಮೈಯೆಲ್ಲ ತಣ್ಣಗಾಯಿತು. ಸರಿ ಮಾಡಿ ವಾಪಸ್ ಕಳಿಸಿದೆ. ಗಡಿಯಾರ ನೋಡಿದೆ, ಆರು ನಿಮಿಷ ಹಿಡಿದಿತ್ತು. ಭೂಮಿ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅದೇ ಮೇಲಿನವರು ಬಂದು, ಮಗಳ ಪರೀಕ್ಷೆ ಮುಗಿಯಿತಾ ಅಂತ ಕೇಳಿ ಹೋದರು. ಎರಡು ತಿಂಗಳ ತಪ್ಪಿಲ್ಲದ ರಿಪೋರ್ಟು ಕಲಿಸದೇ ಇದ್ದಿದ್ದನ್ನು ಆ ಆರು ನಿಮಿಷ ಕಲಿಸಿತು. ಇನ್ನೊಂದು ವಿಷಯ ಗಮನಿಸಿದೆ. ಆ ಮೊತ್ತವನ್ನು ಮತ್ತೆ ಮಾಡಿದ್ದು ನಾನೇ. ಬೇರೆ ಯಾರೂ ಅಲ್ಲ.

ಥೆರಪಿಯಲ್ಲಿ ನನಗೆ ತುಂಬಾ ಕಷ್ಟವಾಗಿದ್ದು, ಮೊದಲು ತುಂಬಾ ನಾಟಕ ಅನ್ನಿಸಿದ್ದು, ಹಳೆಯ ನೆನಪಿನೊಳಗೆ ವಾಪಸ್ ಹೋಗುವ ಕೆಲಸ. ಕಣ್ಣು ಮುಚ್ಚಿ ಆ ದಿನವನ್ನು ಈಗ ನಡೆಯುತ್ತಿರುವ ಹಾಗೆ ಹೇಳಬೇಕು. ಆಮೇಲೆ ಈಗಿನ ನಾನು ಆ ಕೋಣೆಯೊಳಗೆ ಹೋಗಬೇಕು. ನಡೆದಿದ್ದನ್ನು ಅಳಿಸೋಕೆ ಆಗಲ್ಲ, ಅದಕ್ಕೆ ಅಂಟಿಕೊಂಡ ಅರ್ಥವನ್ನು ಬದಲಿಸಬಹುದು ಅನ್ನೋದು ಇದರ ಹಿಂದಿನ ಲೆಕ್ಕ. ನನಗೆ ಅಳು ಬರಲ್ಲ, ನಾನು ಲೆಕ್ಕದವಳು ಅಂತ ಮೊದಲೇ ಹೇಳಿದ್ದೆ.

ಹಂಸದ ದಿನಕ್ಕೆ ಹೋದೆವು. ನೆಲದ ತಂಪು ನೆನಪಾಯಿತು. ಪೆನ್ಸಿಲ್ಲಿನ ತುದಿ ಕಚ್ಚಿ ಕಚ್ಚಿ ಅದರ ಬಣ್ಣ ಬಾಯಿಗೆ ಬರುತ್ತಿದ್ದದ್ದು ನೆನಪಾಯಿತು. ಹುಡುಗಿ ಹೊಟ್ಟೆಯ ಮೇಲೆ ಮಲಗಿ ಬರೆಯುತ್ತಿದ್ದಾಳೆ. ಅಮ್ಮನ ಕೈ ಮೇಲಿನಿಂದ ಇಳಿದು ಬರುತ್ತದೆ, ಬೆರಳಿನ ನಡುವೆ ರಬ್ಬರ್.

"ಈಗ ನೀವು ಒಳಗೆ ಹೋಗಿ. ಏನು ಮಾಡ್ತೀರಿ?"

ಅಮ್ಮನಿಗೆ ಬೈಯಬೇಕು ಅಂತ ಇಷ್ಟು ದಿನ ಅನ್ನಿಸುತ್ತಿತ್ತಲ್ಲ, ಅಲ್ಲಿ ಹೋಗಿ ನಿಂತರೆ ಬೈಯೋಕೆ ಬರಲಿಲ್ಲ. ಆ ಅಮ್ಮ ಈಗಿನ ನನಗಿಂತ ಚಿಕ್ಕವಳು. ಮೂವತ್ತೆರಡೋ ಮೂವತ್ತಮೂರೋ. ನಾನು ಅವಳ ಪಕ್ಕ ಕೂತೆ. ಅವಳ ಕೈ ಹಿಡಿದುಕೊಂಡೆ, ರಬ್ಬರ್ ಸಮೇತ. ಅಷ್ಟೇ.

"ಹುಡುಗಿಯನ್ನ ಕೇಳಿ. ಅವಳಿಗೆ ಇನ್ನೇನು ಬೇಕು?"

ನನ್ನ ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ. "ಅದು ಹಾಗೇ ಇದ್ರೆ ಸಾಕು."

ಅತ್ತುಬಿಟ್ಟೆ. ಐವತ್ತು ನಿಮಿಷ ಮುಗಿದಿದ್ದರೂ ಅವರು ಗಡಿಯಾರ ನೋಡಲಿಲ್ಲ. ಮನೆಗೆ ಹೋಗಿ ಸಂಜೆ ಆರಕ್ಕೇ ಮಲಗಿದೆ, ಬೆಳಿಗ್ಗೆ ಆರಕ್ಕೆ ಎದ್ದೆ.

ಸಾಕು. ಆ ಪದ ಎಷ್ಟೋ ದಿನ ನನ್ನ ಹಿಂದೆ ಹಿಂದೆ ಬಂತು. ಜೀವಮಾನವಿಡೀ ನಾನು 'ಸಾಲದು' ಅನ್ನುವ ಪದದ ಜೊತೆ ಸಂಸಾರ ಮಾಡಿದವಳು. ಅದರ ಎದುರಿನ ಪದ ಇಷ್ಟು ಚಿಕ್ಕದು. ಇನ್ನೂ ಒಂದು ಚೋದ್ಯ ನೋಡಿ, ಕನ್ನಡದಲ್ಲಿ ಮಕ್ಕಳನ್ನು ಬೆಳೆಸುವುದಕ್ಕೂ ಸಾಕೋದು ಅಂತಲೇ ಅನ್ನುತ್ತೇವೆ. ಡೊನಾಲ್ಡ್ ವಿನ್ನಿಕಾಟ್ ಅಂತ ಒಬ್ಬರು ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯರಾಗಿದ್ದರು, ಮನೋವಿಶ್ಲೇಷಕರೂ ಹೌದು. 1953ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವರು, ತಾಯಿ ಪರಿಪೂರ್ಣಳಾಗಿರಬೇಕಿಲ್ಲ, ಸಾಕಷ್ಟು ಒಳ್ಳೆಯವಳಾಗಿದ್ದರೆ ಆಯಿತು ಅನ್ನುವ ಅರ್ಥದ ಮಾತು ಬರೆದರು. ಮೊದಮೊದಲು ಮಗುವಿಗೆ ಪೂರ್ತಿ ಒದಗುವ ತಾಯಿ, ಮಗು ತಡೆದುಕೊಳ್ಳುವಷ್ಟು ಬೆಳೆದ ಹಾಗೆ ನಿಧಾನವಾಗಿ ಅಷ್ಟಿಷ್ಟು ತಪ್ಪಬೇಕು. ಆಗಲೇ ಮಗು ಹೊರಗಿನ ಲೋಕವನ್ನು ಎದುರಿಸೋಕೆ ಕಲಿಯೋದು. ಇದನ್ನು ಓದಿದಾಗ ನನಗೆ ಇಬ್ಬರು ತಾಯಂದಿರು ಒಟ್ಟಿಗೆ ನೆನಪಾದರು. ನನ್ನವಳು ಮತ್ತು ನಾನು.

ಟವೆಲ್ ಮಡಿಸಿದ ಆ ಸಂಜೆಯ ಬಗ್ಗೆ ಮಗಳ ಹತ್ತಿರ ಮಾತಾಡಿದೆ, ಒಂದು ವರ್ಷ ತಡವಾಗಿ. ನೀನು ಮಡಿಸಿದ್ದನ್ನ ನಾನು ಮತ್ತೆ ಮಡಿಸಿದೆ, ಅದು ನನ್ನ ಅಭ್ಯಾಸ, ನಿನ್ನ ತಪ್ಪಲ್ಲ ಅಂದೆ. ಅವಳಿಗೆ ನೆನಪೇ ಇರಲಿಲ್ಲ. ಅಥವಾ ಇಲ್ಲ ಅಂದಳು. ಹಾಗಾದರೆ ಇನ್ನು ಮೇಲೆ ನಾನು ಹೇಗೆ ಮಡಿಸಿದರೂ ನಡೆಯುತ್ತಾ ಅಂತ ಕೇಳಿದಳು. ನಡೆಯುತ್ತೆ ಅಂದೆ. ಅವತ್ತಿನಿಂದ ನಮ್ಮ ಮನೆಯ ಟವೆಲ್‌ಗಳು ಉಂಡೆಯಾಗಿವೆ. ಬೀರು ತೆಗೆದರೆ ಒಂದೊಂದು ಸಲ ಕೈ ತುರಿಸುತ್ತದೆ. ಸುಳ್ಳು ಹೇಳಲ್ಲ, ಅವಳು ಸ್ಕೂಲಿಗೆ ಹೋದಾಗ ಎರಡು ಸಲ ಮಡಿಸಿಯೂ ಬಿಟ್ಟಿದ್ದೇನೆ.

ಒಟ್ಟು ಮೂವತ್ತೊಂದು ಸೆಷನ್ ಆಯಿತು. ಕೊನೆಯ ದಿನ ಅದೇ ಹತ್ತು ವಾಕ್ಯದ ಹಾಳೆ ಮತ್ತೆ ಬಂತು. ಹತ್ತೊಂಬತ್ತು. ಮೂವತ್ತು ಯಾಕಿಲ್ಲ ಅಂತ ನಾನು ಕೇಳುವ ಮುಂಚೆ ಥೆರಪಿಸ್ಟ್ ನನ್ನ ಮುಖ ನೋಡಿದರು, ನಾನೂ ಅವರ ಮುಖ ನೋಡಿದೆ, ಇಬ್ಬರೂ ನಕ್ಕುಬಿಟ್ಟೆವು. ಟೀಮ್ ನೋಡಿಕೊಳ್ಳಿ ಅಂತ ನಾಲ್ಕನೇ ಸಲ ಕೇಳಿದಾಗ ಹೂಂ ಅಂದಿದ್ದೇನೆ. ನಿದ್ದೆ ಪರವಾಗಿಲ್ಲ. ಒಳಗಿನ ದನಿ ಹೋಗಿಲ್ಲ, ಬರುತ್ತದೆ. ಬಂದಾಗ ರಫ್ ಬುಕ್ ತೆಗೆಯುತ್ತೇನೆ. ಫೇರ್ ಕಾಪಿ ಮಾಡಲ್ಲ.

ಅಮ್ಮನಿಗೆ ಹಂಸದ ವಿಷಯ ಹೇಳಿದ್ದು ಹೋದ ತಿಂಗಳು. ಅವಳು ನಮ್ಮ ಮನೆಗೆ ಬಂದಿದ್ದಳು. ದೊಡ್ಡ ಮಾತುಕತೆ ಆಗುತ್ತದೆ ಅಂತ ಎರಡು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಹೌದಾ? ನಂಗೆ ನೆನಪೇ ಇಲ್ವಲ್ಲೇ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಗೋಡೆಗೆ ಹಾಕಿದ್ರಲ್ಲ, ಚೆನ್ನಾಗೇ ಬಂದಿತ್ತು ಅಲ್ವಾ?"

ಒಂದು ವರ್ಷದ ಹಿಂದೆ ಆಗಿದ್ದರೆ ಆ ಮಾತಿಗೆ ನಾನು ಎದ್ದು ಹೋಗುತ್ತಿದ್ದೆ. ಅವತ್ತು ಎದುರು ಕೂತೇ ಇದ್ದೆ. "ಕತ್ತು ಚೆನ್ನಾಗಿತ್ತಮ್ಮ," ಅಂದೆ. "ಹಂಸ ನಂದಾಗಿರಲಿಲ್ಲ." ಅಮ್ಮ ಏನೂ ಅನ್ನಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಯಿತು ಅನ್ನಿಸುತ್ತೆ ಅವಳಿಗೆ. ಪಕ್ಕದಲ್ಲಿದ್ದ ಬಟ್ಟೆಯ ರಾಶಿಯಿಂದ ಒಂದು ಉಂಡೆ ಟವೆಲ್ ಎತ್ತಿಕೊಂಡು ಕೊಡವೋಕೆ ಹೋದಳು.

"ಅಜ್ಜಿ, ಅದು ಮಡಿಸಾಗಿದೆ," ಅಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ.

ಅಮ್ಮನ ಕೈ ನಿಂತಿತು. ಟವೆಲನ್ನು ಇದ್ದ ಹಾಗೇ ಕೆಳಗಿಟ್ಟಳು. ಎರಡು ನಿಮಿಷ ಬಿಟ್ಟು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಹೊರಗೆ ಇಣುಕುತ್ತಿದ್ದ ಒಂದು ತುದಿಯನ್ನು ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿದಳು.

ನಾನು ನೋಡಿದೆ. ಸುಮ್ಮನಿದ್ದೆ.